ಹಸಿವು ಕರೆಯದಿದ್ದಾಗ
ಬೊಜ್ಜು ಇಳಿಸಲೆಂದು ಜಠರದ ಮುಕ್ಕಾಲು ಭಾಗವನ್ನು ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆಯಾದವರು 'ಹಸಿವೇ ಇಲ್ಲ' ಎಂದಾಗ ಮನೆಯವರು ಹಿಗ್ಗುವುದುಂಟು. ಹಿಗ್ಗಬಾರದು. ಹಸಿವನ್ನೆಚ್ಚರಿಸುವ ಗ್ರೆಲಿನ್ ಹಾರ್ಮೋನು ಬಹುಪಾಲು ಆ ತೆಗೆದ ಭಾಗದಲ್ಲಿಯೇ ಉತ್ಪತ್ತಿಯಾಗುತ್ತಿತ್ತು. ಹಸಿವಡಗಿದರೂ ದೇಹದ ಅಗತ್ಯ ಅಡಗದು. ಗಡಿಯಾರ ನೋಡಿಯೇ ಉಣ್ಣಬೇಕು. ದಿನಕ್ಕೆ 60 ಗ್ರಾಂಗೆ ಕಡಿಮೆಯಿಲ್ಲದ ಸಸಾರಜನಕ, ಕನಿಷ್ಠ ಒಂದೂವರೆ ಲೀಟರು ನೀರು ದೇಹಕ್ಕೆ ಸೇರಬೇಕು. ನೀರನ್ನು ಊಟದೊಡನೆ ಕುಡಿಯದೆ, ಅರ್ಧ ಗಂಟೆ ಕಳೆದ ಮೇಲೆ ಗುಟುಕು ಗುಟುಕಾಗಿ ಸೇವಿಸಬೇಕು. ಶಾಕಾಹಾರಿಗಳಾದ ನಮ್ಮ ಮನೆಗಳಲ್ಲಿ ಅನ್ನಕ್ಕಿಂತ ಮೊದಲು ಗಟ್ಟಿ ಮೊಸರು, ಪನೀರು, ನುಣ್ಣಗೆ ಬೆಂದ ಹೆಸರುಬೇಳೆ ತಟ್ಟೆಗೆ ಬರಲಿ. ತಿಳಿಸಾರು ಕುಡಿದು ಊಟವಾಯಿತೆಂದರೆ ಒಪ್ಪದಿರಿ. ಮೂತ್ರ ಕಡುಹಳದಿಯಾದರೆ, ತಲೆ ಸುತ್ತಿದರೆ ಅದು ನೀರಿನ ಕೊರತೆಯ ಲಕ್ಷಣ. ವಾಂತಿ ನಿಲ್ಲದಿದ್ದರೆ ಬಿ-1 ಜೀವಸತ್ವ ಕುಗ್ಗಿ ನರಗಳಿಗೆ ಶಾಶ್ವತ ಹಾನಿಯಾಗಬಹುದು. ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.