ಗಾಂಜಾ ವ್ಯಾಪಾರ: ಲಾಭ ಯಾರಿಗೆ, ಜೈಲು ಯಾರಿಗೆ?

ಗಾಂಜಾ ಗಿಡವನ್ನು ನಾರಿಗಾಗಿ ಬೆಳೆಯಲು ಉತ್ತರಾಖಂಡ ಸರಕಾರ 2018ರಲ್ಲಿ ಪರವಾನಗಿ ಕೊಟ್ಟಿತು. 2021ರಲ್ಲಿ ಅದರ ಬೀಜ, ಬೀಜದ ಎಣ್ಣೆ, ಹಿಟ್ಟುಗಳನ್ನು ಆಹಾರವಾಗಿ ಮಾರಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಿತು. ಹೊಸ ವ್ಯಾಪಾರವೆಂದು ಇದರತ್ತ ಆಸೆಯಿಂದ ನೋಡುವ ಸಣ್ಣ ವರ್ತಕರು ಮೊದಲು ಕಾನೂನನ್ನು ತಿಳಿಯಬೇಕು.

1985ರ ಮಾದಕ ವಸ್ತು ಕಾಯಿದೆಯಲ್ಲಿ ಗಿಡದ ಹೂಗೊಂಚಲೇ ಗಾಂಜಾ. ಗೊಂಚಲು ಸೇರದ ಬರಿಯ ಎಲೆ, ಬೀಜ ಗಾಂಜಾ ಅಲ್ಲ. ಆದರೆ ಎಲೆಗೆ ರಾಜ್ಯದ ಅಬಕಾರಿ ಕಾನೂನುಂಟು. ಗಿಡ ಬೆಳೆಯಲು ಸರಕಾರದ ಅಪ್ಪಣೆ ಬೇಕೇ ಬೇಕು. ಗಾಂಜಾ 20 ಕಿಲೋ ಮೀರಿದರೆ 10ರಿಂದ 20 ವರ್ಷ ಕಠಿಣ ಸಜೆ, ಕನಿಷ್ಠ 1 ಲಕ್ಷ ರೂಪಾಯಿ ದಂಡ, ಜಾಮೀನೂ ಸುಲಭವಲ್ಲ. ಗೊತ್ತಿದ್ದೂ ಮಳಿಗೆ ಬಿಟ್ಟುಕೊಟ್ಟ ಮಾಲೀಕನಿಗೂ ಅದೇ ಶಿಕ್ಷೆ.

ಇನ್ನು ಹಣದ ಮಾತು. 1872ರ ಕರಾರು ಕಾಯಿದೆಯ 23ನೆಯ ಕಲಮಿನಂತೆ ಕಾನೂನುಬಾಹಿರ ಉದ್ದೇಶದ ಕರಾರಿಗೆ ಬೆಲೆಯಿಲ್ಲ. ಪರವಾನಗಿಯಿಲ್ಲದ ದಂಧೆಯಲ್ಲಿ ಪಾಲುದಾರ ಕೈಕೊಟ್ಟರೆ ವಸೂಲಿಯ ದಾವೆ ಕೋರ್ಟಿನಲ್ಲಿ ನಿಲ್ಲದು. ಬೋನಸ್ಸಿನ ಹಣ, ಪ್ರಾವಿಡೆಂಟ್ ಫಂಡಿನ ಹಣ ಹಾಕಿದ ಗಿರಣಿ ಕಾರ್ಮಿಕ ಯಾರ ಬಾಗಿಲು ತಟ್ಟಬೇಕು?

ವಕೀಲರು, ಲೆಕ್ಕಿಗರು, ಪರವಾನಗಿಗಾಗಿ ಕಾಯುವಷ್ಟು ಬಂಡವಾಳ—ಇವೆಲ್ಲ ದೊಡ್ಡ ಕಂಪನಿಗಳಿಗುಂಟು, ಸಣ್ಣವರಿಗಿಲ್ಲ. ಆದುದರಿಂದ ಸರಕಾರ ಇದರ ನಿಯಮಗಳನ್ನು ತಿಳಿಗನ್ನಡದಲ್ಲಿ ಪ್ರಕಟಿಸಲಿ; ಪರವಾನಗಿ ಕೊಡುವುದಾದರೆ ರೈತರ ಸಹಕಾರ ಸಂಘಗಳಿಗೆ ಮೊದಲು ಕೊಡಲಿ. ಅಲ್ಲಿಯವರೆಗೆ, ಪರವಾನಗಿಯ ಕಾಗದವನ್ನು ಕಣ್ಣಾರೆ ಕಾಣದೆ ಯಾರೂ ಗಂಟು ಬಿಚ್ಚಬಾರದು.