ಕ್ಯಾಮೆರಾ ಸುಳ್ಳು ಹೇಳದು ಎಂಬ ನಮ್ಮ ಸುಳ್ಳು

"ಫೋಟೋ ಇದೆಯಲ್ಲ, ಇನ್ನೇನು ಸಾಕ್ಷಿ ಬೇಕು?"

ಘಾಟ್ಕೋಪರ್ ಪೂರ್ವದ ನಮ್ಮ ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಈ ಮಾತು ಕೇಳಿಬಂದಾಗ ನಾವಾರೂ ಬಾಯಿ ತೆರೆಯಲಿಲ್ಲ. ಗಲ್ಲಿಯಲ್ಲಿ ತರಕಾರಿ ಮಾರುವ ನಾಲ್ಕು ಕೈಗಾಡಿಗಳು ದಾರಿಯನ್ನೇ ಮುಚ್ಚಿಬಿಟ್ಟಿವೆ ಎಂಬ ದೂರಿಗೆ ವಾಟ್ಸಾಪ್‌ನಲ್ಲಿ ಹರಿದಾಡಿದ ಒಂದೇ ಒಂದು ಚಿತ್ರ ಆಧಾರವಾಗಿತ್ತು. ಮನವಿಪತ್ರ ಸಿದ್ಧವಾಯಿತು, ಸಹಿಗಳು ಬಿದ್ದವು, ನಮ್ಮದೂ ಬಿತ್ತು. ವಾರದೊಳಗೆ ಗಾಡಿಗಳು ಎದ್ದುಹೋದವು. ಆ ನಾಲ್ವರಲ್ಲಿ ಒಬ್ಬಾಕೆ ಕಲಬುರಗಿ ಕಡೆಯವಳು. ನಮ್ಮೊಡನೆ ಕನ್ನಡದಲ್ಲೇ ವ್ಯವಹರಿಸುತ್ತಿದ್ದವಳು. ಹೋಗುವ ಮುನ್ನ ಆಕೆ ಕೇಳಿದ್ದು ಇಷ್ಟೇ: "ಅಣ್ಣಾರ, ಫೋಟೋದಾಗ ನಾ ಅದೀನಿ, ಖರೇ. ಆದ್ರ ದಾರಿ ಎಲ್ಲಿ ಕಟ್ಟೀನ್ರಿ?"

ಆಕೆಯ ಪ್ರಶ್ನೆ ಭೌತವಿಜ್ಞಾನದ ಪ್ರಶ್ನೆ. ನಾವು ಉತ್ತರಿಸಲಿಲ್ಲ, ಏಕೆಂದರೆ ನಮಗೆ ಉತ್ತರ ಗೊತ್ತಿರಲಿಲ್ಲ.

ಆ ಚಿತ್ರವನ್ನು ತೆಗೆದದ್ದು ಗಲ್ಲಿಯ ಆಚೆ ತುದಿಯಿಂದ, ಜೂಮ್ ಮಾಡಿ. ಗಾಡಿಗಳು ರಸ್ತೆಯ ಎರಡೂ ಬದಿಗೆ ಹಿಂದುಮುಂದಾಗಿ ನಿಲ್ಲುತ್ತಿದ್ದವು. ಮೊದಲ ಗಾಡಿ 5 ಮೀಟರ್ ದೂರದಲ್ಲಿ, ಕೊನೆಯದು 20 ಮೀಟರ್ ದೂರದಲ್ಲಿ ಇದೆಯೆನ್ನಿ. ವಸ್ತುವಿನ ಬಿಂಬದ ಗಾತ್ರ ಅದರ ದೂರಕ್ಕೆ ವಿಲೋಮವಾಗಿ ಇಳಿಯುವುದರಿಂದ ಕೊನೆಯ ಗಾಡಿ ಮೊದಲಿನದರ ಕಾಲುಭಾಗವಷ್ಟೇ ಕಾಣುತ್ತದೆ. ನಡುವಿನ ಅಂತರ ಕಣ್ಣಿಗೆ ತಾನಾಗಿ ಹೊಳೆಯುತ್ತದೆ. ಅದೇ ಸಾಲನ್ನು 60 ಮೀಟರ್ ಆಚೆಯಿಂದ ನೋಡಿ. ಈಗ ಅವು 60 ಮತ್ತು 75 ಮೀಟರ್ ದೂರದಲ್ಲಿವೆ. ಕೊನೆಯದು ಮೊದಲಿನದರ ಐದರಲ್ಲಿ ನಾಲ್ಕು ಭಾಗದಷ್ಟು ಕಾಣುತ್ತದೆ. ನಡುವಿನ 15 ಮೀಟರ್ ಎಲ್ಲಿ ಹೋಯಿತು? ಎಲ್ಲಿಯೂ ಹೋಗಿಲ್ಲ, ಚಿತ್ರದಲ್ಲಿ ಮಾತ್ರ ಮಡಚಿಕೊಂಡಿದೆ. ಎದೆಮಟ್ಟದಲ್ಲಿ ಹಿಡಿದ ಫೋನಿಗೆ ರಸ್ತೆಯ ನೆಲ ಒಂದು ತೆಳು ಪಟ್ಟಿಯಾಗಿ ಕುಗ್ಗುತ್ತದೆ. ಗಾಡಿಗಳೂ ಕೊಳ್ಳಲು ನಿಂತವರೂ ಒಬ್ಬರಿಗೊಬ್ಬರು ಅಂಟಿ ಗೋಡೆಯಾಗುತ್ತಾರೆ. ಇದು ಜೂಮಿನ ತಪ್ಪು ಎನ್ನುವುದೂ ಸರಿಯಲ್ಲ. ಅದೇ ಜಾಗದಿಂದ ಜೂಮ್ ಇಲ್ಲದೆ ತೆಗೆದು, ನಡುಭಾಗವನ್ನು ಕತ್ತರಿಸಿ ಹಿಗ್ಗಿಸಿದರೂ ಅದೇ ಗೋಡೆ ಎದುರಾಗುತ್ತದೆ. ಗಾಡಿಗಳನ್ನು ಒತ್ತಿ ಕೂಡಿಸಿದ್ದು ತೆಗೆದವರು ನಿಂತ ದೂರ.

ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದ ನಮ್ಮಂಥವರಿಗೆ ಇದು ನಾಚಿಕೆಯ ಸಂಗತಿ. ಕಾದಂಬರಿ ಕೈಗೆತ್ತಿಕೊಂಡರೆ ನಿರೂಪಕ ಎಲ್ಲಿ ನಿಂತಿದ್ದಾನೆ, ಏನನ್ನು ಮುಚ್ಚಿಡುತ್ತಿದ್ದಾನೆ ಎಂದು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಕ್ಯಾಮೆರಾವನ್ನು ಮಾತ್ರ ನಿಂತ ನೆಲವೇ ಇಲ್ಲದ ಸರ್ವಸಾಕ್ಷಿಯೆಂದು ನಂಬುತ್ತೇವೆ. ದೃಷ್ಟಿಕೋನ ಎಂಬ ಪದವನ್ನು ವಿಮರ್ಶೆಗೆ ಮೀಸಲಿಟ್ಟು, ದೃಷ್ಟಿಗೂ ಕೋನಕ್ಕೂ ಸಂಬಂಧಿಸಿದ ಅದರ ಮೊದಲ ಅರ್ಥವನ್ನೇ ಮರೆತಿದ್ದೇವೆ.

ಬೆಳಕಿನ ಈ ವಿದ್ಯೆ ಕನ್ನಡಿಗರಿಗೆ ಪರಕೀಯವೇನಲ್ಲ. ಹಂಪೆಯ ವಿರೂಪಾಕ್ಷ ದೇವಾಲಯದ ಕತ್ತಲೆ ಕೋಣೆಯೊಂದರಲ್ಲಿ ಕಿರುಗಿಂಡಿಯಿಂದ ನುಗ್ಗಿದ ಬೆಳಕು ಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಪ್ರವಾಸಿಗರು ಅದನ್ನು ನೆರಳು ಎನ್ನುತ್ತಾರೆ, ಅದು ಬಿಂಬ. ಬೆಳಕು ನೇರವಾಗಿ ಸಾಗುವುದರಿಂದ ಮೇಲಿನದು ಕೆಳಕ್ಕೂ ಕೆಳಗಿನದು ಮೇಲಕ್ಕೂ ಬೀಳುತ್ತದೆ. ಮಸೂರವಿಲ್ಲದ ಕ್ಯಾಮೆರಾ ಎಂದರೆ ಅದೇ. ಮೈಸೂರಿನ ವಿ. ಕೆ. ಮೂರ್ತಿಯವರು ಇದೇ ಮುಂಬಯಿಯಲ್ಲಿ 1959ರ 'ಕಾಗಜ್ ಕೇ ಫೂಲ್' ಚಿತ್ರಕ್ಕಾಗಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಗೆ ತಿರುಗಿಸಿ ಬೆಳಕಿನ ಕಂಬವನ್ನೇ ನಿಲ್ಲಿಸಿದರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. ನಮ್ಮ ಸಂಘಗಳ ವೇದಿಕೆಯಲ್ಲಿ ಅವರ ಹೆಸರು ಹೇಳಿ ಹೆಮ್ಮೆಪಡುತ್ತೇವೆ. ಚಿತ್ರವೆಂಬುದು ಕಟ್ಟಿದ್ದು, ಸಿಕ್ಕಿದ್ದಲ್ಲ ಎಂಬ ಅವರ ಕೆಲಸದ ಪಾಠವನ್ನು ಮಾತ್ರ ಕಲಿಯುವುದಿಲ್ಲ.

ಫೋನಿನೊಳಗೆ ಕಟ್ಟುವ ಕೆಲಸ ಇನ್ನೂ ಹೆಚ್ಚು. ಅದರ ಸಂವೇದಕಕ್ಕೆ ಸ್ವತಃ ಬಣ್ಣ ತಿಳಿಯದು, ಬೆಳಕಿನ ಪ್ರಮಾಣವಷ್ಟೇ ತಿಳಿಯುತ್ತದೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ಪ್ರತಿ ಬಿಂದುವಿನ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಒಂದೇ ಸೋಸುಗ ಇರುತ್ತದೆ. ಅರ್ಧದಷ್ಟು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಉಳಿದೆರಡು ಬಣ್ಣಗಳನ್ನು ನೆರೆಯ ಬಿಂದುಗಳಿಂದ ಲೆಕ್ಕಹಾಕಿ ತುಂಬಬೇಕು. ಎಂದರೆ ಇಂಥ ಚಿತ್ರದ ವರ್ಣಮಾಹಿತಿಯಲ್ಲಿ ಮೂರರಲ್ಲಿ ಎರಡು ಪಾಲು ಅಂದಾಜು. ಕಾಲದ ವಿಷಯದಲ್ಲಿಯೂ ಹಾಗೆಯೇ. ಹೆಚ್ಚಿನ ಫೋನುಗಳು ಚಿತ್ರವನ್ನು ಸಾಲುಸಾಲಾಗಿ ಓದುತ್ತವೆ. ಘಾಟ್ಕೋಪರಿನಲ್ಲಿ ನಿಲ್ಲದೆ ಧಾವಿಸುವ ಗಾಡಿಯ ಫೋಟೋ ತೆಗೆದು ನೋಡಿ, ನೆಟ್ಟಗಿರುವ ಬೋಗಿ ಓರೆಯಾಗಿರುತ್ತದೆ. ಪ್ಲಾಟ್‌ಫಾರಂನ ಎಲ್‌ಇಡಿ ಫಲಕದಲ್ಲಿ ಕಣ್ಣಿಗೆ ಪೂರ್ತಿ ಕಾಣುವ ಅಕ್ಷರಗಳು ಫೋಟೋದಲ್ಲಿ ಅರ್ಧಂಬರ್ಧ ಅಳಿಸಿಹೋಗಿರುತ್ತವೆ. ರೈಲು ಬಾಗಿತ್ತೆಂದು ಯಾರೂ ದೂರು ಬರೆಯುವುದಿಲ್ಲ, ಏಕೆಂದರೆ ರೈಲು ನಮಗೆ ಗೊತ್ತು. ತರಕಾರಿಯವಳನ್ನು ನಾವು ಅಷ್ಟು ಬಲ್ಲವರಲ್ಲ.

ಹಾಗಾದರೆ ಯಾವ ಫೋಟೋವನ್ನೂ ನಂಬಬಾರದೇ ಎಂದು ಮಿತ್ರರು ಕೇಳುತ್ತಾರೆ. ಹಾಗೆಂದರೆ ಕಳ್ಳನಿಗೆ ಅನುಕೂಲ. ನಿಜವಾದ ಚಿತ್ರವನ್ನೂ ಆತ ಸುಳ್ಳೆಂದು ತಳ್ಳಿಹಾಕುತ್ತಾನೆ. ನಾವು ಕೇಳುವುದು ಅವಿಶ್ವಾಸವನ್ನಲ್ಲ, ವಿಚಾರಣೆಯನ್ನು. ನಾವು ಕೇಂದ್ರ ಸರ್ಕಾರದ ನೌಕರರು. ಕಚೇರಿಯಲ್ಲಿ ಜೆರಾಕ್ಸ್ ಪ್ರತಿಗೆ ದೃಢೀಕರಣವಿಲ್ಲವೆಂದು ಕಡತವನ್ನು ತಡೆದವರು. ನ್ಯಾಯಾಲಯಗಳೂ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೇಳುತ್ತವೆ. ಬಡವರ ಅನ್ನಕ್ಕೆ ಸಂಬಂಧಿಸಿದ ಚಿತ್ರಕ್ಕೆ ಮಾತ್ರ ನಾವೇಕೆ ಏನನ್ನೂ ಕೇಳುವುದಿಲ್ಲ? ಎಲ್ಲಿ ನಿಂತು ತೆಗೆದದ್ದು? ಎಷ್ಟು ದೂರದಿಂದ? ಯಾವ ಹೊತ್ತಿನಲ್ಲಿ? ಚೌಕಟ್ಟಿನ ಹೊರಗೆ ಏನಿತ್ತು? ಈ ನಾಲ್ಕು ಪ್ರಶ್ನೆಗಳಿಗೆ ಪದವಿ ಬೇಕಿಲ್ಲ.

ತಡವಾಗಿ ನಾವು ಟೇಪು ಹಿಡಿದು ಆ ಜಾಗವನ್ನು ಅಳೆದೆವು. ಎರಡು ಬದಿಯ ಗಾಡಿಗಳ ಗುರುತುಗಳ ನಡುವೆ ಆಟೋರಿಕ್ಷಾ ಸರಾಗವಾಗಿ ಹೋಗುವಷ್ಟು ದಾರಿ ಇತ್ತು. ಸಹಿಯನ್ನು ಹಿಂತೆಗೆದುಕೊಳ್ಳುವುದಾಗಿ ಸೊಸೈಟಿಗೆ ಪತ್ರ ಕೊಟ್ಟಿದ್ದೇವೆ. ಇನ್ನೂ ಉತ್ತರ ಬಂದಿಲ್ಲ. ಆಕೆ ಈಗ ಎಲ್ಲಿ ಗಾಡಿ ನಿಲ್ಲಿಸುತ್ತಾಳೋ ನಮಗೆ ತಿಳಿಯದು. ನಿಮ್ಮ ಸೊಸೈಟಿಯ ಗುಂಪಿಗೂ ನಾಳೆ ಇಂಥದೊಂದು ಚಿತ್ರ ಬಂದೀತು. ಸಹಿ ಹಾಕುವ ಮುನ್ನ ಚಪ್ಪಲಿ ಮೆಟ್ಟಿಕೊಂಡು ಒಮ್ಮೆ ಕೆಳಗಿಳಿದು ನೋಡಿ ಬನ್ನಿ.