ಕಚೇರಿ ಹೋಗಲಿ, ಬಾಕಿ ಉಳಿಯದಿರಲಿ

ವಜ್ರದ ವ್ಯಾಪಾರ ಮುಂಬಯಿಯಲ್ಲೇ ಇರಬೇಕೋ, ಸೂರತ್ತಿಗೆ ಹೋಗಬೇಕೋ? 2023ರ ಡಿಸೆಂಬರ್ 17ರಂದು ಸೂರತ್ ಡೈಮಂಡ್ ಬೋರ್ಸ್ ಉದ್ಘಾಟನೆಯಾದಾಗ ಎರಡೂ ರಾಜ್ಯಗಳ ರಾಜಕಾರಣಿಗಳಿಗೆ ಇದು ಮಾನಾಪಮಾನದ ಪ್ರಶ್ನೆಯಾಯಿತು. ಮೊದಲೇ ಸ್ಥಳಾಂತರಗೊಂಡಿದ್ದ ಕಿರಣ್ ಜೆಮ್ಸ್ ಕೆಲವೇ ವಾರಗಳಲ್ಲಿ ಮುಂಬಯಿಗೆ ಮರಳಿತು. ಒಂದೆಡೆ ವಿಜಯೋತ್ಸವ, ಇನ್ನೊಂದೆಡೆ ಮುಖಭಂಗ. ಮುಂಬಯಿಯ ವಜ್ರ ವಹಿವಾಟಿನಲ್ಲಿ ಪಾಲನ್‌ಪುರದ ಜೈನರದು ದೊಡ್ಡ ಪಾಲು. ಆದ್ದರಿಂದ ಈ ಪ್ರಶ್ನೆ ಸಮಾಜದ್ದೂ ಹೌದು.

ಈ ಗದ್ದಲದಲ್ಲಿ ವರಾಛಾದ ಸಾಣೆಯ ಮುಂದೆ ಕುಳಿತವನನ್ನು ಕೇಳಿದವರಾರು? ಸೌರಾಷ್ಟ್ರದ ಹಳ್ಳಿಗಳಿಂದ ಬಂದು, ಕಲ್ಲಿಗಿಷ್ಟು ಎಂಬ ಕೂಲಿಗೆ ದುಡಿಯುವ ಅವನಿಗೆ ಮಾಲೀಕನ ಕಚೇರಿ ಎಲ್ಲಿದ್ದರೂ ಸಾಣೆ ಇಲ್ಲಿಯೇ. ಬೇಡಿಕೆ ಕುಸಿದಾಗ ಅವನಿಗೆ ಉದ್ದವಾಗುವುದು ದೀಪಾವಳಿಯ ರಜೆ ಮಾತ್ರ.

ಕರ್ನಾಟಕವೂ ಇದನ್ನು ಕಂಡಿದೆ. 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಉದ್ಯೋಗ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಸಿಡಿದೆದ್ದರು, ಆಂಧ್ರದ ಸಚಿವರು ಕೈಬೀಸಿ ಕರೆದರು, ಎರಡೇ ದಿನಗಳಲ್ಲಿ ಮಸೂದೆ ನಿಂತಿತು. ಹೊರಟುಹೋಗುತ್ತೇವೆಂಬ ಬೆದರಿಕೆ ಬಂಡವಾಳದ ಅಸ್ತ್ರ. ಕೂಲಿಗೆ ಆ ಅಸ್ತ್ರವಿಲ್ಲ.

ಶ್ರಾವಕನಿಗೆ ಹೇಳಿದ ದಿಗ್ವ್ರತವು ವ್ಯವಹಾರದ ದಿಕ್ಕುಗಳಿಗೆ ತಾನೇ ಮಿತಿ ಹಾಕಿಕೊಳ್ಳುವ ವ್ರತ. ಊರು ಬಿಡಬಾರದೆಂಬುದಲ್ಲ, ಲೋಭ ಎಳೆದತ್ತ ಓಡಬಾರದೆಂಬುದು ಅದರ ತಿರುಳು. ಹೋಗುವವರು ಹೋಗಲಿ. ಆದರೆ ಬಾಡಿಗೆ, ತೆರಿಗೆ, ರಿಯಾಯಿತಿಗಳ ಲೆಕ್ಕ ಬರೆಯುವ ಹಾಳೆಯಲ್ಲೇ ಕಾರ್ಮಿಕರ ಭವಿಷ್ಯನಿಧಿ, ಗ್ರ್ಯಾಚುಟಿಗಳ ಬಾಕಿಯನ್ನೂ ಬರೆಯಲಿ. ತುಂಡುಗೂಲಿಯವನಿಗೂ ಗ್ರ್ಯಾಚುಟಿಯ ಹಕ್ಕು ಕಾನೂನಿನಲ್ಲಿದೆ. ಸಂಬಳದ ಚೀಟಿಯನ್ನೇ ಕೊಡದಿದ್ದರೆ ಅವನು ಅದನ್ನು ಸಾಧಿಸುವುದೆಂತು? ಹಾಗೆ ಉಳಿಸಿದ ಹಣದಿಂದ ಪಂಚಕಲ್ಯಾಣಕ್ಕೆ ಕಾಣಿಕೆ ಸಲ್ಲಿಸಿದರೆ ಅದು ದಾನವಲ್ಲ, ಅದತ್ತಾದಾನ.